ಅತ್ತೆಗೆ ಕೊಟ್ಟ ಫೋನು

ಸೊಸೆಗೆ ಹೊಸ ಫೋನು ಬಂದ ವಾರವೇ ಅತ್ತೆಯ ಫೋನನ್ನೂ ಬದಲಾಯಿಸಿಬಿಡುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನವಾಯಿತು ಎಂದರೆ ಸೊಸೆ ಹೇಳಿದಳು, ಅವಳ ಗಂಡ ಹ್ಞೂಂ ಅಂದ. ಅತ್ತೆಯನ್ನು ಯಾರೂ ಕೇಳಲಿಲ್ಲ.

ಅತ್ತೆ ಏಳು ವರ್ಷದಿಂದ ಒಂದೇ ಆಂಡ್ರಾಯ್ಡ್ ಫೋನು ಇಟ್ಟುಕೊಂಡಿದ್ದರು. ಅದರ ಒಂದು ಮೂಲೆ ಬಿರುಕು ಬಿಟ್ಟಿತ್ತು, ಮಧ್ಯಾಹ್ನದ ಹೊತ್ತಿಗೇ ಚಾರ್ಜು ಇಳಿಯುತ್ತಿತ್ತು. ಆದರೆ ಅದರೊಳಗೆ ಎಲ್ಲಿ ಏನಿದೆಯೆಂದು ಅವರಿಗೆ ಅಡುಗೆಮನೆಯ ಡಬ್ಬಿಗಳಷ್ಟೇ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಉಳಿದಿಬ್ಬರದೂ ಐಫೋನು.

"ಎಲ್ಲರದೂ ಒಂದೇ ಥರ ಇದ್ರೆ ಫೋಟೋ ಕಳಿಸೋದು ಸುಲಭ ಅತ್ತೆ. ನೀವು ಹೊರಗೆ ಹೋದಾಗ ಎಲ್ಲಿದ್ದೀರಿ ಅಂತಾನೂ ನಮಗೆ ಗೊತ್ತಾಗತ್ತೆ," ಎಂದಳು ಸೊಸೆ.

"ನಾನೆಲ್ಲಿಗೆ ಹೋಗ್ತೀನಮ್ಮ? ನನಗೆ ಇದೇ ಸಾಕಿತ್ತು," ಎಂದರು ಅತ್ತೆ. ಆದರೂ ಫೋನನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟರು.

ಸೊಸೆ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಳು. ಅವಳ ಕೈ ಹಗುರ ಎಂದು ಹೆಸರು. ನರ ಸಿಗದ ಮುದುಕರೋ ಚೀರಾಡುವ ಮಕ್ಕಳೋ ಬಂದರೆ ಉಳಿದವರು ಸಿರಿಂಜು ಕೆಳಗಿಟ್ಟು ಅವಳನ್ನೇ ಕೂಗುತ್ತಿದ್ದರು. ಬೆಳಿಗ್ಗೆ ಆರಕ್ಕೆ ಕೆಲಸ ಶುರು. ಆ ಭಾನುವಾರ ಅವಳು ತನ್ನ ಹಳೆಯ ಐಫೋನನ್ನು ಅತ್ತೆಗಾಗಿ ಅಣಿ ಮಾಡಲು ಕುಳಿತಾಗ, ಬಟ್ಟೆ ಒಗೆಯುವುದು ಬಾಕಿ ಇತ್ತು, ವಾರದ ಸಾಮಾನು ತರುವುದೂ ಬಾಕಿ ಇತ್ತು. ಫೋನು ಹೊಸ ಖಾತೆ ಕೇಳಿತು, ಪಾಸ್‌ವರ್ಡ್ ಕೇಳಿತು, ಹುಟ್ಟಿದ ದಿನ ಕೇಳಿತು. ಅತ್ತೆ, ದಾಖಲೆಯ ತಾರೀಕು ಒಂದು, ನಿಜವಾದ ತಾರೀಕು ಇನ್ನೊಂದು, ಯಾವುದು ಬೇಕು ಎಂದು ವಿಚಾರಿಸಿದರು. ಸೊಸೆಗೆ ತಾಳ್ಮೆ ತಪ್ಪಿತು. ಸದ್ಯಕ್ಕೆ ನನ್ನ ಖಾತೆಯಲ್ಲೇ ನಡೆಯಲಿ, ಆಮೇಲೆ ಬದಲಾಯಿಸಿದರಾಯಿತು ಎಂದುಕೊಂಡು ತನ್ನ ಫೋಟೋಗಳನ್ನು ತೆಗೆದಳು, ಈ-ಮೇಲ್ ತೆಗೆದಳು, ಅತ್ತೆಯ ಸಿಮ್ ಹಾಕಿದಳು. ಖಾತೆ ಒಂದೇ ಆದರೆ ಮೆಸೇಜುಗಳು ಎರಡೂ ಫೋನಿಗೆ ಬರುತ್ತವೆಂಬುದು ಅವಳ ತಲೆಗೇ ಬರಲಿಲ್ಲ. ಅತ್ತೆಯ ಹಳೆಯ ಫೋನನ್ನು ಮರುದಿನ ಅಂಗಡಿಯ ಹಳೇ ಫೋನುಗಳ ಡಬ್ಬಕ್ಕೆ ಹಾಕಿ ಬಂದಳು.

ಹೊಸ ಪದ್ಧತಿ ಅತ್ತೆಗೆ ಸುಲಭವಾಗಿ ಒಗ್ಗಲಿಲ್ಲ. ಹಿಂದಕ್ಕೆ ಹೋಗುವ ಗುಂಡಿ ಎಲ್ಲಿ ಎಂದು ಪರದೆಯ ಕೆಳಗೆಲ್ಲ ತಡಕಾಡಿದರು. ಅಂಚಿನಿಂದ ಬೆರಳು ಸರಿಸಬೇಕೆಂದು ಸೊಸೆ ತೋರಿಸಿದಳು. ಅವರ ಒಣಗಿದ ಬೆರಳಿಗೆ ಫೋನು ಮೂರು ಸಲಕ್ಕೊಮ್ಮೆ ಓಗೊಡುತ್ತಿತ್ತು. ಅಂಥ ದಿನಗಳಲ್ಲೇ ಒಂದು ಬೆಳಿಗ್ಗೆ, ಸೊಸೆ ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತಿದ್ದಾಗ, ಅತ್ತೆ ಫೋನು ಹಿಡಿದುಕೊಂಡು ಬಂದರು.

"ಇಲ್ಲಿ ಕೆಂಪಗೆ ಒಂದು ಸಂಖ್ಯೆ ಬಂದು ಕೂತಿದೆ. ನಿನ್ನೆ ನಾಲ್ಕಿತ್ತು, ಇವತ್ತು ಹನ್ನೊಂದಾಗಿದೆ. ಏನದು?"

ಸೊಸೆ ತಲೆ ಎತ್ತಲಿಲ್ಲ. "ಮೆಸೇಜು ಅತ್ತೆ. ನಿಮಗೇ ಬಂದಿರತ್ತೆ, ಒತ್ತಿ ಓದಿ," ಎಂದು ಮೆಟ್ಟಿಲಿಳಿದು ಹೋದಳು.

ಸೊಸೆಗೊಬ್ಬಳು ತಂಗಿ ಇದ್ದಳು, ಬೇರೆ ಊರಿನಲ್ಲಿ. ಅವಳದೂ ಐಫೋನು. ಅಕ್ಕತಂಗಿಯರದು ದಿನವಿಡೀ ಮೆಸೇಜು. ಬಸ್ಸಿನಲ್ಲಿ, ಲ್ಯಾಬಿನ ಊಟದ ಕೋಣೆಯಲ್ಲಿ, ಕುಕ್ಕರ್ ಕೂಗುವುದನ್ನು ಕಾಯುವಾಗ ಸೊಸೆಯ ಹೆಬ್ಬೆರಳು ಆಡುತ್ತಲೇ ಇರುತ್ತಿತ್ತು. ಬರೆಯುತ್ತಿದ್ದುದರಲ್ಲಿ ಮುಕ್ಕಾಲು ಪಾಲು ಅತ್ತೆಯ ಬಗ್ಗೆ. ಮಾವ ತೀರಿಕೊಂಡ ಮೇಲೆ, ಎರಡು ವರ್ಷದ ಹಿಂದೆ, ಅತ್ತೆ ಇವರ ಜೊತೆ ಇರಲು ಬಂದಿದ್ದರು. ಅದಕ್ಕೆ ಮೊದಲು ಮೂವತ್ತೊಂದು ವರ್ಷ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಬೆನ್ನು ಬಾಗಿತ್ತು, ಮಾತಾಡುವಾಗ ನಡುನಡುವೆ ನಿಂತು ಸರಿಯಾದ ಪದ ಹುಡುಕುತ್ತಿದ್ದರು. ಅದಕ್ಕೇ ಸೊಸೆ ಅವರಿಗೆ 'ಅಲ್ಪವಿರಾಮ' ಎಂದು ಹೆಸರಿಟ್ಟಿದ್ದಳು. ಎದುರಿಗೆ ನೀವು, ತಾವು. ಮೆಸೇಜಿನಲ್ಲಿ ಮಾತ್ರ ಅವಳು, ಇವಳು.

'ಅಲ್ಪವಿರಾಮ ಸ್ನಾನ ಮಾಡಿದ ಮೇಲೆ ಬಚ್ಚಲು ಕೆರೆ. ನಾನು ಈಜಿಕೊಂಡು ಹೋಗಬೇಕು.'

'ಟೀ ಕಪ್ಪಿನಲ್ಲಿ ಚಮಚ ತಿರುಗಿಸೋದು ಕೇಳಬೇಕು ನೀನು. ಟಿಣ್ ಟಿಣ್ ಟಿಣ್. ನನ್ನ ತಲೆಯೊಳಗೇ ತಿರುಗಿಸ್ತಾಳೆ.'

'ಇವತ್ತು ಹಣ್ಣಿನಂಗಡಿ ಬೋರ್ಡಿನಲ್ಲಿ ತಾಜಾ ಹುಣ್ಣು ಅಂತ ಬರೆದಿದ್ರು. ರಸ್ತೆ ಮಧ್ಯೆ ನಿಂತು ಜೋರಾಗಿ ಓದಿದಳು. ಅಂಗಡಿಯವನನ್ನ ಕರೆದು, ಹುಣ್ಣು ಹೇಗೆ ಕಿಲೋ ಅಂತ ಕೇಳಿದಳು. ನನಗೆ ಎಲ್ಲಾದರೂ ಬಚ್ಚಿಟ್ಟುಕೊಳ್ಳೋಣ ಅನ್ನಿಸ್ತು.'

ನಿಜ ಹೇಳಬೇಕೆಂದರೆ ಅಂಗಡಿಯವನೂ ನಕ್ಕಿದ್ದ, ಸುತ್ತ ನಿಂತವರೂ ನಕ್ಕಿದ್ದರು. ಸೊಸೆ ಅದನ್ನು ಬರೆಯಲಿಲ್ಲ. ಬೇಸರದಲ್ಲಿ ಬರೆಯುವಾಗ ಅಂಥದ್ದೆಲ್ಲ ಬಿಟ್ಟುಹೋಗುತ್ತದೆ.

ಎರಡು ತಿಂಗಳಾಗುವಷ್ಟರಲ್ಲಿ ಮನೆಯಲ್ಲಿ ಒಂದೊಂದೇ ಬದಲಾವಣೆ ಕಾಣಿಸಿತು. ಬಚ್ಚಲ ನೆಲ ಒಣಗಿರತೊಡಗಿತು. ಅತ್ತೆ ಮೊಣಕಾಲೂರಿ ಬಟ್ಟೆಯಿಂದ ಒರೆಸಿ ಬರುತ್ತಿದ್ದರು. ಟೀ ಕಪ್ಪಿನ ಸದ್ದು ನಿಂತಿತು. ಅವರು ಸಕ್ಕರೆಯನ್ನೇ ಬಿಟ್ಟಿದ್ದರು. ರಸ್ತೆಯಲ್ಲಿ ಬೋರ್ಡು ಓದುವುದು ನಿಂತಿತು. ಊಟದ ಹೊತ್ತಿಗೆ ಅವರು ಹೇಳುತ್ತಿದ್ದ ಅಚ್ಚುಕೂಟದ ಫೋರ್‌ಮನ್ನನ ಕಥೆಗಳು ನಿಂತವು. ತಂಗಿ ವಿಡಿಯೋ ಕರೆ ಮಾಡಿದಾಗ ಮೊದಲೆಲ್ಲ ಪಕ್ಕದಲ್ಲಿ ಕುಳಿತು ಕೈ ಬೀಸುತ್ತಿದ್ದವರು ಈಗ ಫೋನು ಸದ್ದು ಮಾಡಿದೊಡನೆ ಎದ್ದು ತಮ್ಮ ಕೋಣೆಗೆ ಹೋಗುತ್ತಿದ್ದರು.

ಸೊಸೆಗೆ ಹಾಯೆನಿಸಿತು. ಕೇಳದೆಯೇ ಎಲ್ಲ ಸರಿಹೋಗುತ್ತಿದೆಯೆಂದು ಒಳಗೊಳಗೇ ಹಿಗ್ಗಿದಳು. ತಂಗಿಗೆ ಬರೆದಳು: 'ನಂಬ್ತೀಯಾ? ನಮ್ಮ ಅಲ್ಪವಿರಾಮ ಈಗ ಪೂರ್ಣವಿರಾಮ ಆಗಿದ್ದಾಳೆ.' ತಂಗಿ ನಗುವ ಮುಖಗಳನ್ನು ಸಾಲಾಗಿ ಕಳಿಸಿದಳು.

ಗಂಡ ಲಿಫ್ಟ್ ರಿಪೇರಿ ಕಂಪನಿಯಲ್ಲಿದ್ದ. ಯಾವ ಹೊತ್ತಿಗೆ ಯಾರು ಎಲ್ಲಿ ಸಿಕ್ಕಿಹಾಕಿಕೊಂಡರೂ ಓಡಬೇಕು. ಮನೆಯಲ್ಲಿರುವುದೇ ಅಪರೂಪ. ಆದರೂ ಒಂದು ದಿನ ಊಟಕ್ಕೆ ಕುಳಿತಾಗ ಅವನಿಗೂ ಏನೋ ಅನ್ನಿಸಿತು.

"ಅಮ್ಮ ಯಾಕೋ ಮಂಕಾಗಿದ್ದಾಳೆ, ಅಲ್ವಾ?"

"ವಯಸ್ಸಾಯ್ತು," ಎಂದಳು ಸೊಸೆ. "ನನಗಂತೂ ಆರಾಮಾಗೇ ಇರೋ ಹಾಗೆ ಕಾಣ್ತಾರೆ."

ಮೂರು ತಿಂಗಳಿಗೊಮ್ಮೆ ಅತ್ತೆಯ ಸಕ್ಕರೆ ಪರೀಕ್ಷೆ ಮಾಡಿಸಬೇಕಿತ್ತು. ಅವರು ಬಂದಾಗಿನಿಂದ ಸೊಸೆಯೇ ಬೆಳಿಗ್ಗೆ ಅಡುಗೆಮನೆಯ ಮೇಜಿನ ಬಳಿ ಕೂರಿಸಿ ರಕ್ತ ತೆಗೆದು ಲ್ಯಾಬಿಗೆ ಒಯ್ಯುತ್ತಿದ್ದಳು. ಹಿಂದಿನ ಸಲ ತೆಗೆದ ದಿನ ಅವಳಿಗೆ ಏನಾಗಿತ್ತೋ, ನಿದ್ದೆ ಸಾಲದಾಗಿತ್ತೋ, ಬಸ್ಸಿನಲ್ಲಿ ಕುಳಿತು ತಂಗಿಗೆ ಹೀಗೆ ಬರೆದಿದ್ದಳು: 'ದಿನಕ್ಕೆ ನೂರು ಜನರ ಕೈ ಹಿಡೀತೀನಿ, ಏನೂ ಅನ್ಸಲ್ಲ. ಇವಳ ಕೈ ಹಿಡಿಯೋಕೆ ಮಾತ್ರ ಅಸಹ್ಯ ಆಗತ್ತೆ. ಬೆಂದ ಸಿಪ್ಪೆ ಮುಟ್ಟಿದ ಹಾಗೆ.' ಬರೆದು ಕಳಿಸಿ, ಇಳಿಯುವ ಸ್ಟಾಪು ಬಂತೆಂದು ಇಳಿದು, ಮರೆತೂ ಬಿಟ್ಟಿದ್ದಳು.

ಈ ಸಲ ಪರೀಕ್ಷೆಯ ದಿನ ಹತ್ತಿರವಾದಾಗ ಅವಳೇ ನೆನಪಿಸಿದಳು. "ಆಯ್ತಮ್ಮ, ಮಾಡಿಸಿಕೊಂಡು ಬಂದೆ," ಎಂದರು ಅತ್ತೆ. "ಇಲ್ಲೇ ಬಸ್‌ಸ್ಟಾಪಿನ ಪಕ್ಕ ಒಂದು ಲ್ಯಾಬಿದೆಯಲ್ಲ, ಅಲ್ಲಿ."

ಸೊಸೆಗೆ ಸ್ವಲ್ಪ ವಿಚಿತ್ರವೆನಿಸಿತು, ಅಷ್ಟೆ. ಎರಡು ದಿನದ ನಂತರ ಅವಳಿಗೆ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಅಡುಗೆಮನೆಗೆ ಬಂದಾಗ ಅತ್ತೆ ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದರು. ಸ್ವೆಟರಿನ ತೋಳು ಮೇಲಕ್ಕೆ ಮಡಚಿದ್ದರು. ಎಡಗೈಯ ಮೊಣಕೈ ಒಳಭಾಗದಿಂದ ಮಣಿಕಟ್ಟಿನ ತನಕ ನೀಲಿ, ನೇರಳೆ, ಅಂಚಿನಲ್ಲಿ ಹಳದಿ. ಒಂದಲ್ಲ, ನಾಲ್ಕು ಕಡೆ ಚುಚ್ಚಿದ್ದ ಗುರುತು.

"ಯಾವ ಕಟುಕ ಚುಚ್ಚಿದ್ದು ಇದನ್ನ?" ಸೊಸೆಗೆ ಸಿಟ್ಟು ನೆತ್ತಿಗೇರಿತು. "ನಾನು ಮನೇಲೇ ಇದ್ದೀನಲ್ಲ ಅತ್ತೆ. ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?"

"ನಿನಗ್ಯಾಕೆ ತೊಂದರೆ ಅಂತ," ಎಂದು ಅತ್ತೆ ತೋಳನ್ನು ಕೆಳಗೆಳೆದುಕೊಂಡರು.

"ತೊಂದರೆ ಏನು ಬಂತು? ರಿಪೋರ್ಟ್ ಬಂದಿದೆಯಾ? ಫೋನ್ ಕೊಡಿ, ನೋಡ್ತೀನಿ."

"ಆಮೇಲೆ ನೋಡಿದರಾಯ್ತು ಬಿಡು."

ಫೋನು ಕಿಟಕಿಯ ಕಟ್ಟೆಯ ಮೇಲಿತ್ತು. ಅತ್ತೆ ಒದ್ದೆ ಕೈಯಲ್ಲೇ ಅದನ್ನು ಎತ್ತಿಕೊಂಡರು. ಸೊಸೆ, ಮಕ್ಕಳ ಕೈಯಿಂದ ಕತ್ತರಿ ಕಿತ್ತುಕೊಳ್ಳುವಂತೆ, ಅದನ್ನು ಕಿತ್ತುಕೊಂಡಳು. ಲ್ಯಾಬಿನ ಮೆಸೇಜು ಹುಡುಕಲು ಒತ್ತಿದಳು. ಎಲ್ಲಕ್ಕಿಂತ ಮೇಲೆ ತಂಗಿಯ ಹೆಸರಿತ್ತು.

ತಂಗಿ ಯಾಕೆ ಅತ್ತೆಗೆ ಬರೆದಳು ಎಂದು ಒಂದು ಕ್ಷಣ ಗೊಂದಲವಾಯಿತು. ತೆರೆದಳು. ತಾನು ಅಂದು ಬೆಳಿಗ್ಗೆ ಹಾಸಿಗೆಯಲ್ಲಿದ್ದಾಗಲೇ ಬರೆದದ್ದು ಅಲ್ಲಿತ್ತು. ಬೆರಳಿನಿಂದ ಮೇಲಕ್ಕೆ ಜಾರಿಸಿದಳು. ನಿನ್ನೆಯದು, ಮೊನ್ನೆಯದು, ಹೋದ ತಿಂಗಳಿನದು. ಅಲ್ಪವಿರಾಮ, ಅಲ್ಪವಿರಾಮ, ಅಲ್ಪವಿರಾಮ. ಅವಳ ಮಾತುಗಳೆಲ್ಲ ಬಲಗಡೆ, ಈ ಫೋನಿನಿಂದಲೇ ಹೋದಂತೆ, ಅತ್ತೆಯೇ ತಮ್ಮ ಬಗ್ಗೆ ಬರೆದುಕೊಂಡಂತೆ ಕಾಣುತ್ತಿದ್ದವು. ಬೆಂದ ಸಿಪ್ಪೆಯೂ ಇತ್ತು.

ತಲೆ ಎತ್ತಿದರೆ ಅತ್ತೆ ಆಗಲೇ ಸಿಂಕಿನ ಕಡೆ ತಿರುಗಿ ನಿಂತಿದ್ದರು. ಒಂದೇ ಲೋಟವನ್ನು ತೊಳೆಯುತ್ತಲೇ ಇದ್ದರು. ಸೊಸೆ ಫೋನನ್ನು ಕಿಟಕಿಯ ಕಟ್ಟೆಯ ಮೇಲೆ, ಮೊದಲಿದ್ದ ಜಾಗದಲ್ಲೇ ಇಟ್ಟು, ಚೀಲ ಹೆಗಲಿಗೇರಿಸಿಕೊಂಡು ಹೊರಬಿದ್ದಳು. ಪಾಳಿ ಶುರುವಾಗಲು ಇನ್ನೂ ನಾಲ್ಕು ಗಂಟೆ ಇತ್ತು.

ಬೀದಿಯಲ್ಲಿ ಸುಮ್ಮನೆ ನಡೆದಳು. ಎದುರಿಗೆ ಬಂದವರೆಲ್ಲ ಅದನ್ನು ಓದಿದ್ದಾರೇನೋ ಎಂಬಂತೆ ಮುಖ ತಗ್ಗಿಸಿಕೊಂಡು ನಡೆದಳು. ಕೊನೆಗೆ ತಂಗಿಗೆ ಕರೆ ಮಾಡಿದಳು.

"ಅತ್ತೆ ಎಲ್ಲಾ ಓದಿದ್ದಾರೆ ಕಣೇ. ಫೋನ್ ಕೊಟ್ಟಾಗಿನಿಂದ."

"ಏನು ಎಲ್ಲಾ?"

"ನಾವಿಬ್ಬರೂ ಬರೆದಿದ್ದು. ಪ್ರತಿಯೊಂದೂ."

ತಂಗಿ, "ಆ ಸಿಪ್ಪೆ ಅಂದಿದ್ದೂನಾ?" ಎಂದು ಕೇಳಿದಳು. ಸೊಸೆ ಹ್ಞೂಂ ಅಂದಳು. "ಅಯ್ಯೋ ಅಕ್ಕಾ! ಮೊದಲು ಆ ಫೋನನ್ನ ನಿನ್ನ ಖಾತೆಯಿಂದ ತೆಗೆದುಹಾಕು. ಈಗಲೇ."

ಹೇಡಿಗೆ ಒಂದು ದಾರಿ ತೋರಿಸಿದಂತಾಯಿತು. ಲ್ಯಾಬಿಗೆ ಹೋದವಳೇ ಶೌಚಾಲಯದ ಬಾಗಿಲು ಹಾಕಿಕೊಂಡು, ತನ್ನ ಫೋನಿನಿಂದಲೇ ಅತ್ತೆಯ ಫೋನನ್ನು ಖಾತೆಯಿಂದ ಕಿತ್ತುಹಾಕಿದಳು. ಒಂದು ಗುಂಡಿ ಒತ್ತಿದರೆ ಮುಗಿಯಿತು. ಕೈ ತೊಳೆದುಕೊಂಡು ಕನ್ನಡಿ ನೋಡಿದಾಗ, ತಾನು ಕ್ಷಮೆ ಕೇಳುವ ಮೊದಲು ಸಾಕ್ಷಿಯನ್ನು ಅಳಿಸಲು ಓಡಿದೆ ಎಂಬುದು ಹೊಳೆಯಿತು. ಮುಖ ನೋಡಿಕೊಳ್ಳಲಾಗಲಿಲ್ಲ.

ಅಂದು ಮೊದಲು ಬಂದ ಮುದುಕರೊಬ್ಬರ ಕೈಯಲ್ಲಿ ಅವಳಿಗೆ ನರ ಸಿಗಲಿಲ್ಲ. ಎರಡನೇ ಸಲವೂ ತಪ್ಪಿತು. "ಪರವಾಗಿಲ್ಲಮ್ಮ, ನನ್ನ ಚರ್ಮವೇ ಹಾಗೆ," ಎಂದು ಮುದುಕರು ತಮ್ಮದೇ ತಪ್ಪೆಂಬಂತೆ ನಕ್ಕರು. ಸೊಸೆ ಸೂಜಿ ಕೆಳಗಿಟ್ಟು ಬೇರೆಯವಳನ್ನು ಕರೆದಳು. ಹೊಟ್ಟೆ ಕೆಟ್ಟಿದೆಯೆಂದು ಸುಳ್ಳು ಹೇಳಿ ಅರ್ಧ ಪಾಳಿಗೇ ಮನೆಗೆ ಹೊರಟಳು.

ಹೋದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಅತ್ತೆ ಊಟದ ಮೇಜಿನ ಬಳಿ ನೆಟ್ಟಗೆ ಕುಳಿತಿದ್ದರು. ಮುಂದೆ ಫೋನು, ಪಕ್ಕದಲ್ಲಿ ಅವರು ಫೋನು ಬಳಸುವುದನ್ನು ಹಂತಹಂತವಾಗಿ ಬರೆದಿಟ್ಟುಕೊಂಡಿದ್ದ ನೋಟ್‌ಪುಸ್ತಕ. ಸೊಸೆಯನ್ನು ಕಂಡೊಡನೆ ಎದ್ದು ನಿಂತರು.

"ಏನೋ ಪಾಸ್‌ವರ್ಡ್ ಕೇಳ್ತಿದೆ. ನಾನು ಏನೂ ಮಾಡಿಲ್ಲ ಕಣಮ್ಮ. ಏನೂ ಒತ್ತಿಲ್ಲ. ಸುಮ್ಮನೆ ಇಟ್ಟಿದ್ದೆ, ತಾನೇ ಹೀಗಾಯ್ತು."

ಅವರ ದನಿಯಲ್ಲಿ ಭಯವಿತ್ತು. ಬೆಳಿಗ್ಗೆ ನಡೆದದ್ದು ನಡೆದ ಮೇಲೂ, ಫೋನು ಕೆಡಿಸಿದೆನೆಂದು ಎಲ್ಲಿ ಬೈಸಿಕೊಳ್ಳುತ್ತೇನೋ ಎಂದು ಹೆದರಿ ಕುಳಿತಿದ್ದರು. ಎಪ್ಪತ್ತರ ಹತ್ತಿರದ ಹೆಂಗಸು, ತನ್ನ ಮಗನ ಮನೆಯಲ್ಲಿ. ಸೊಸೆ ಅಲ್ಲೇ ಕುರ್ಚಿಯ ಮೇಲೆ ಕುಳಿತಳು.

"ನೀವೇನೂ ಮಾಡಿಲ್ಲ ಅತ್ತೆ. ನಾನೇ ಮಾಡಿದ್ದು. ಅಲ್ಲಿಂದಲೇ ತೆಗೆದುಹಾಕಿದೆ. ಆ ಮೆಸೇಜು ಇನ್ನು ಬರಲ್ಲ." ಸ್ವಲ್ಪ ತಡೆದು, "ಅದೆಲ್ಲ ನೀವು ಓದಬೇಕು ಅಂತ ಬರೆದಿದ್ದಲ್ಲ," ಎಂದಳು. ಹೇಳಿದ ಮೇಲೆ ಆ ಮಾತು ಎಷ್ಟು ಕೆಟ್ಟದ್ದೆಂದು ಅವಳಿಗೇ ಕೇಳಿಸಿತು.

ಅತ್ತೆ ನಿಧಾನಕ್ಕೆ ಕುಳಿತರು. "ನಾನು ಅದೇ ಅಂದ್ಕೊಂಡಿದ್ದೆ."

"ಏನು?"

"ನಾನು ಓದಲಿ ಅಂತಾನೇ ಬರೀತಿದ್ದೀಯ ಅಂತ." ಅವರು ನೋಟ್‌ಪುಸ್ತಕದ ಅಂಚನ್ನು ಉಗುರಿನಿಂದ ಸವರುತ್ತಿದ್ದರು. "ನಾನು ಕೇಳಿದೆನಲ್ಲ ಆವತ್ತು, ಕೆಂಪು ಸಂಖ್ಯೆ ಏನು ಅಂತ. ನಿಮಗೇ ಬಂದಿರೋದು, ಓದಿ ಅಂದೆ ನೀನು. ಓದಿದೆ. ಬಚ್ಚಲು ಒದ್ದೆ ಅಂತಿತ್ತು. ಮುಖಕ್ಕೆ ಹೇಳೋಕೆ ಸಂಕೋಚ ಪಟ್ಟುಕೊಂಡು, ಈ ಫೋನಿನಲ್ಲಿ ಹೀಗೊಂದು ವ್ಯವಸ್ಥೆ ಮಾಡಿದ್ದೀಯ ಅಂದ್ಕೊಂಡೆ. ಒಳ್ಳೇದೇ ಆಯ್ತು, ಜಗಳ ಇಲ್ಲ, ಏನಿಲ್ಲ, ತಿದ್ದಿಕೊಂಡರಾಯ್ತು ಅಂತ. ಹಳೇ ಫೋನಿನಲ್ಲಿ ಇಂಥದ್ದು ಇರಲಿಲ್ಲ. ಇದರಲ್ಲಿ ಇರತ್ತೇನೋ ಅಂತ…"

ಸೊಸೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಆ ಅಡ್ಡಹೆಸರು ನೋಡಿದಾಗ ಅನುಮಾನ ಬಂತು. ನಿನ್ನ ತಂಗಿ ನಗೋದು ನೋಡಿದಾಗ ಖಾತ್ರಿ ಆಯ್ತು. ಆವಾಗಲೇ ನಿನಗೆ ಹೇಳಬೇಕಿತ್ತು ನಾನು. ಹೇಳಲಿಲ್ಲ. ಓದಬಾರದು ಅಂತ ಗೊತ್ತಾದ ಮೇಲೂ ಓದಿದೆ. ದಿನಾ ಬೆಳಿಗ್ಗೆ ಎದ್ದು, ಇವತ್ತು ಏನು ತಪ್ಪು ಮಾಡಿದೀನಿ ಅಂತ ನೋಡೋದು ಅಭ್ಯಾಸ ಆಗಿಹೋಯ್ತು. ಅದು ನನ್ನ ತಪ್ಪು."

"ನಿಮ್ಮ ತಪ್ಪು ಅನ್ನಬೇಡಿ ಅತ್ತೆ, ದಯವಿಟ್ಟು. ನನ್ನನ್ನ ಕ್ಷಮಿಸಿ. ಆ ಕೈ ಬಗ್ಗೆ ಬರೆದಿದ್ದು… ನಾನು ಹಾಗಲ್ಲ. ನಿಜವಾಗಲೂ ಹಾಗನ್ನಿಸಲ್ಲ ನನಗೆ."

"ಅನ್ನಿಸಿದ್ದಕ್ಕೇ ಬರೆದೆ. ಆ ಹೊತ್ತಿಗೆ ಅನ್ನಿಸಿತ್ತು." ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಸೊಸೆಗೆ ತಡೆದುಕೊಳ್ಳಲಾಗಲಿಲ್ಲ. "ಅಚ್ಚಾಗೋಕೆ ಮುಂಚೆ ಆದರೆ ತಿದ್ದಬಹುದು. ಅಚ್ಚಾಗಿ ಹೋದದ್ದಕ್ಕೆ ನಾನೇನು ಮಾಡಲಿ? ಕ್ಷಮಿಸಿದೆ ಅಂತ ಬಾಯಲ್ಲಿ ಹೇಳಬಹುದು. ಮನಸ್ಸಿನಲ್ಲಿ ಇನ್ನೂ ಬಂದಿಲ್ಲ. ಬಂದಾಗ ಹೇಳ್ತೀನಿ."

ಸೊಸೆ ಅಳುತ್ತ ತಲೆಯಾಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ, "ಇವರಿಗೂ ಹೇಳ್ತೀನಿ. ಇವತ್ತೇ ಹೇಳ್ತೀನಿ," ಎಂದಳು. ಬೈಸಿಕೊಂಡರೆ ಭಾರ ಸ್ವಲ್ಪ ಇಳಿಯಬಹುದೆಂಬ ಆಸೆ ಅದರಲ್ಲಿತ್ತು.

"ಬೇಡ," ಎಂದರು ಅತ್ತೆ ಥಟ್ಟನೆ. "ನಿನ್ನನ್ನ ಉಳಿಸೋಕೆ ಹೇಳ್ತಿಲ್ಲ. ನನ್ನ ಮಗ ಅದನ್ನೆಲ್ಲ ತಿಳಿದುಕೊಂಡು ನನ್ನ ಕೈ ನೋಡೋದು ನನಗೆ ಬೇಡ. ನನಗೆ ನಾಚಿಕೆ."

ಹಾಗಾಗಿ ಅದು ಅವರಿಬ್ಬರ ನಡುವೆಯೇ ಉಳಿಯಿತು. ಗಂಡ ಬಂದಾಗ ಇಬ್ಬರೂ ಎದ್ದು ಬೇರೆ ಬೇರೆ ಕೋಣೆಗೆ ಹೋದರು. ಆ ವಾರವೆಲ್ಲ ಸೊಸೆ ಮನೆಯಲ್ಲಿ ಕಳ್ಳಿಯಂತೆ ಓಡಾಡಿದಳು. ಅತ್ತೆ ಒರೆಸುವ ಮೊದಲೇ ಬಚ್ಚಲು ಒರೆಸಲು ಹೋದರೆ, ಅತ್ತೆ ಆಗಲೇ ಒರೆಸಿರುತ್ತಿದ್ದರು. ಟೀಗೆ ಮೊದಲಿನಂತೆ ಅರ್ಧ ಚಮಚ ಸಕ್ಕರೆ ಹಾಕಿ ಕೊಟ್ಟರೆ, "ಅಭ್ಯಾಸ ತಪ್ಪಿದೆ," ಎಂದು ಲೋಟ ಹಿಂದಕ್ಕೆ ಸರಿಸಿದರು. ಸೊಸೆಯ ಪ್ರತಿ ಒಳ್ಳೆಯತನವೂ ಲಂಚದಂತೆ ಕಾಣುತ್ತಿತ್ತು. ಅದು ಅವಳಿಗೂ ಗೊತ್ತಿತ್ತು.

ಶನಿವಾರ ಅತ್ತೆ ತಾವಾಗಿಯೇ ಹೇಳಿದರು: "ನನಗೆ ಮೊದಲಿನ ಥರದ ಫೋನೇ ಬೇಕು. ನನ್ನದೇ ಹೆಸರಿನಲ್ಲಿ. ಬರ್ತೀಯಾ ಅಂಗಡಿಗೆ?"

ಬರ್ತೀಯಾ ಎಂದು ಕೇಳಿದ್ದೇ ಸೊಸೆಗೆ ದೊಡ್ಡದಾಯಿತು.

ಅಂಗಡಿಯಲ್ಲಿ ಸಾಲು ದೀಪಗಳ ಕೆಳಗೆ ಫೋನುಗಳನ್ನು ಜೋಡಿಸಿಟ್ಟಿದ್ದರು. ಮಾರುವ ಹುಡುಗಿ ಅತ್ತೆಯ ಕೈಯಲ್ಲಿದ್ದ ಐಫೋನು ನೋಡಿ ಹುಬ್ಬೇರಿಸಿದಳು.

"ಏನಾಂಟಿ, ಎಲ್ಲರೂ ಆ ಕಡೆಯಿಂದ ಈ ಕಡೆಗೆ ಬರ್ತಾರೆ. ನೀವು ಇದನ್ನ ಬಿಟ್ಟು ಅದಕ್ಕೆ ಹೋಗ್ತೀನಿ ಅಂತೀರಲ್ಲ! ಏನು ತೊಂದರೆ ಕೊಡ್ತು ಇದು?"

ಸೊಸೆ ಗಾಜಿನ ಕಪಾಟಿನೊಳಗಿನ ಕವರುಗಳನ್ನು ನೋಡುತ್ತ ನಿಂತಳು. ಅತ್ತೆ ಏನು ಹೇಳಿದರೂ ಕೇಳಿಕೊಂಡು ನಿಲ್ಲಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಳು.

"ಫೋನಿನದೇನೂ ತಪ್ಪಿಲ್ಲಮ್ಮ," ಎಂದರು ಅತ್ತೆ. "ನನ್ನ ಬೆರಳಿಗೆ ಹೊಂದಲಿಲ್ಲ."

ಹೊಸ ಫೋನಿನ ಖಾತೆ ಮಾಡಲು ಸೊಸೆ ಕೂತಳು. ಒಂದೊಂದು ಪ್ರಶ್ನೆಯನ್ನೂ ಓದಿ ಹೇಳಿದಳು, ಅತ್ತೆ ಹೇಳಿದ್ದನ್ನು ಒತ್ತಿದಳು. ಹುಟ್ಟಿದ ದಿನ ಕೇಳಿದಾಗ, "ನಿಜವಾದದ್ದೇ ಹಾಕು," ಎಂದರು ಅತ್ತೆ. ಆ ತಾರೀಕು ಸೊಸೆ ಅದೇ ಮೊದಲ ಸಲ ಕೇಳಿದ್ದು. ಪಾಸ್‌ವರ್ಡಿನ ಸಾಲು ಬಂದಾಗ ಅವಳು ಫೋನನ್ನು ಅತ್ತೆಯ ಕಡೆ ತಿರುಗಿಸಿಕೊಟ್ಟು ತಾನು ಬಾಗಿಲ ಕಡೆ ಮುಖ ಮಾಡಿ ನಿಂತಳು. ಅತ್ತೆ ತುಂಬ ಹೊತ್ತು ತೆಗೆದುಕೊಂಡು, ಒಂದೊಂದೇ ಅಕ್ಷರ ಒತ್ತಿದರು.

ಮನೆಗೆ ನಡೆದೇ ಹೊರಟರು. ಅತ್ತೆ ಎಂದಿನಂತೆ ನಿಧಾನ. ಸೊಸೆ ಹೆಜ್ಜೆ ಸಣ್ಣದು ಮಾಡಿಕೊಂಡಳು. ಎರಡು ರಸ್ತೆ ದಾಟಿದ ಮೇಲೆ ಬ್ಯಾಂಕಿನ ಮೆಟ್ಟಿಲ ಬಳಿ ಅತ್ತೆ ಉಸಿರು ತೆಗೆದುಕೊಳ್ಳಲು ನಿಂತರು. ಕಂಬಿ ಹಿಡಿದುಕೊಂಡು, ಎದುರಿನ ರಸ್ತೆಯನ್ನೇ ನೋಡುತ್ತ ಕೇಳಿದರು:

"ನಿನ್ನ ತಂಗಿಗೆ ಆ ಶಾಲೆಯ ಕೆಲಸ ಸಿಕ್ಕಿತಾ? ಮಂಗಳವಾರ ಸಂದರ್ಶನ ಅಂತ ಬರೆದಿದ್ದಳು. ಆಮೇಲೆ ನನಗೆ ಏನೂ ಬರಲಿಲ್ಲವಲ್ಲ, ಗೊತ್ತಾಗಲಿಲ್ಲ."

ಆ ವಾರ ತನ್ನದೇ ನಾಚಿಕೆಯಲ್ಲಿ ಮುಳುಗಿ, ತಂಗಿಯ ಸಂದರ್ಶನ ಏನಾಯಿತೆಂದು ಸೊಸೆ ವಿಚಾರಿಸಿರಲೇ ಇಲ್ಲ.

"ಗೊತ್ತಿಲ್ಲ ಅತ್ತೆ," ಎಂದಳು. "ಕೇಳಿಲ್ಲ ನಾನು."

"ಕೇಳು," ಎಂದರು ಅತ್ತೆ. "ಪಾಪ, ತುಂಬ ಆಸೆ ಇಟ್ಟುಕೊಂಡಿದ್ದಳು."

ಸೊಸೆ ಅಲ್ಲೇ ಮೆಟ್ಟಿಲ ಬಳಿ ನಿಂತು, ಅತ್ತೆಯ ಎದುರಿಗೇ ತಂಗಿಗೆ ಕರೆ ಮಾಡಿದಳು.